ಎಣಿಸುವವರು

1
ಮೆಟ್ಟೂರಿನ ಒಂದು ಜಿಮ್. ಕೆಳಗೆ ಸಿಮೆಂಟ್ ಅಂಗಡಿ, ಮೇಲೆ ಕನ್ನಡಿ. ತರಬೇತಿ ಕೊಡುವವನು ಒಂದರಿಂದ ಎಂಟರವರೆಗೆ ತಮಿಳಿನಲ್ಲಿ ಎಣಿಸುತ್ತಾನೆ. ಒಂಬತ್ತು, ಹತ್ತು ಮಾತ್ರ ಇಂಗ್ಲಿಷಿನಲ್ಲಿ. ಭಾರ ಎತ್ತುವವನ ಕೈ ನಡುಗುವುದೂ ಅಲ್ಲಿಂದಲೇ.

2
ಏಳಕ್ಕೂ ಎಂಟಕ್ಕೂ ನಡುವೆ ಇರುವ ಹೊತ್ತಿಗಿಂತ ಎಂಟಕ್ಕೂ ಒಂಬತ್ತಕ್ಕೂ ನಡುವೆ ಇರುವ ಹೊತ್ತು ಹೆಚ್ಚು. ಎಣಿಸುವವನು ಎತ್ತುವವನಿಗಾಗಿ ಕಾಯುತ್ತಾನೋ, ಎತ್ತುವವನು ಎಣಿಸುವವನಿಗಾಗಿ ಕಾಯುತ್ತಾನೋ ತಿಳಿಯಲಿಲ್ಲ.

3
ಪಾಲಮಲೆ ಮೆಟ್ಟೂರು ಜಲಾಶಯದ ಮಗ್ಗುಲಿನ ಬೆಟ್ಟ. ಸೇಲಂ ಜಿಲ್ಲೆ, ಕೊಳತ್ತೂರು ಯೂನಿಯನ್. ಮೇಲೆ ಸಿದ್ಧೇಶ್ವರನ ಗುಡಿ. ಈ ಸೀಮೆಯಲ್ಲಿ ಕನ್ನಡದ ಮನೆಗಳಿವೆ. ಮನೆಯಲ್ಲಿ ಕನ್ನಡ, ಬಸ್ಸಿನಲ್ಲಿ ತಮಿಳು, ಶಾಲೆಯಲ್ಲೂ ತಮಿಳು. ಬೆಟ್ಟದ ಮೇಲಿನವರು ಅಕ್ಕಿ, ಬೇಳೆ ಹೊತ್ತು ಹತ್ತುತ್ತಾರೆ. ದಾರಿಯಲ್ಲಿ ಹೊರೆ ಇಳಿಸುವ ಜಾಗ ಎಲ್ಲರಿಗೂ ಗೊತ್ತು. ಅಲ್ಲಿ ಇಳಿಸುತ್ತಾರೆ, ಬೆವರು ಒರೆಸುತ್ತಾರೆ, ಮತ್ತೆ ಎತ್ತುತ್ತಾರೆ. ಯಾರೂ ಎಣಿಸುವುದನ್ನು ಕೇಳಿಲ್ಲ.

4
ಧರ್ಮಪುರಿ ಜಿಲ್ಲೆಯ ಕೋಟೂರು ಬೆಟ್ಟಕ್ಕೆ ಚುನಾವಣೆಯ ಮತಯಂತ್ರ ಕತ್ತೆಯ ಬೆನ್ನಿನ ಮೇಲೆ ಹೋಗಿದೆ. ಅಧಿಕಾರಿಗಳು ಹಿಂದೆ ನಡೆದಿದ್ದಾರೆ.

5
ಪಾಲಮಲೆಯ ಬುಡದ ಊರಿನ ಹುಡುಗನೊಬ್ಬ ಬೆಂಗಳೂರಿನಲ್ಲಿ ಪರ್ಸನಲ್ ಟ್ರೈನರ್. ಹಬ್ಬಕ್ಕೆ ಬಂದಾಗ ಮಾತಿಗೆ ಸಿಕ್ಕ. ಅವನು ಹೇಳಿದ್ದು ಇಷ್ಟು.

ಮೊದಲು ಫ್ಲೋರ್ ಟ್ರೈನರ್. ತಿಂಗಳ ಸಂಬಳ. ಬಂದವರಿಗೆಲ್ಲ ಒಂದೇ ಚೀಟಿ ಕೊಡುವುದು, ಎಲ್ಲರೂ ಬಿಟ್ಟುಹೋದ ಪ್ಲೇಟುಗಳನ್ನು ಜಾಗಕ್ಕಿಡುವುದು. ಆಮೇಲೆ ಪಿಟಿ, ಅಂದರೆ ಪರ್ಸನಲ್ ಟ್ರೈನಿಂಗ್. ಒಬ್ಬರಿಗೆ ಒಬ್ಬ, ಒಂದು ಗಂಟೆ, ಬೇರೆ ಹಣ. ಆ ಹಣದಲ್ಲಿ ಜಿಮ್‌ನವರದೊಂದು ಪಾಲು, ಅವನದೊಂದು ಪಾಲು. ಪಾಲು ಎಷ್ಟೆಂಬುದು ಜಿಮ್‌ನಿಂದ ಜಿಮ್‌ಗೆ ಬೇರೆ. ಮೂರನೆಯದು ಮನೆಗೇ ಹೋಗುವುದು. ಅಪಾರ್ಟ್‌ಮೆಂಟಿನ ಕ್ಲಬ್‌ಹೌಸು, ತಾರಸಿ, ಕೆಲವೊಮ್ಮೆ ಕಾರು ನಿಲ್ಲಿಸುವ ಜಾಗ. ಅಲ್ಲಿ ಯಾರಿಗೂ ಪಾಲು ಕೊಡಬೇಕಿಲ್ಲ. ಪೆಟ್ರೋಲ್ ಮಾತ್ರ ತನ್ನದು.

ಈಗ ಮೂರನೆಯದೇ ಹೆಚ್ಚು. ಊರಲ್ಲಿ ಮನೆಗೆ ತಾರಸಿ ಹಾಕಿಸಿದ್ದಾನೆ.

6
ಆದಾಯ ಏರಿದ್ದು ಯಾವಾಗಿಂದ ಎಂದು ಕೇಳಿದೆ.

“ನೋಟ್‌ಬುಕ್ ಇಟ್ಕೊಂಡ ಮೇಲೆ, ಅಣ್ಣ.”

7
ನೋಟ್‌ಬುಕ್ ತೋರಿಸಿದ. ಉದ್ದ ಹಾಳೆ, ರಟ್ಟು ಹರಿದು ಟೇಪು ಹಚ್ಚಿದೆ. ಒಬ್ಬೊಬ್ಬರಿಗೆ ಒಂದೊಂದು ಪುಟ. ಹೆಸರಿಲ್ಲ. ‘ಆರು ಗಂಟೆ ಮೇಡಂ’, ‘ಏಳೂವರೆ ಸಾರ್’. ನಡುವೆ ಅಂಕಿಗಳು: ಎಷ್ಟು ಕಿಲೋ, ಎಷ್ಟು ಸಲ, ಎಷ್ಟು ಸುತ್ತು. ಅಂಚಿನಲ್ಲಿ ಬೇರೆ ಸಂಗತಿಗಳು. ಎಡ ಮಂಡಿ. ರಾತ್ರಿ ನಿದ್ದೆ ಇಲ್ಲ. ಮಗಳ ಪರೀಕ್ಷೆ. ಅತ್ತೆ ಆಸ್ಪತ್ರೆಯಲ್ಲಿ.

ನಡುವಿನದು ಇಂಗ್ಲಿಷ್. ಅಂಚಿನದು ಕನ್ನಡ, ಬರೆದಿರುವುದು ತಮಿಳು ಅಕ್ಷರದಲ್ಲಿ.

8
ಆರು ಗಂಟೆ ಮೇಡಂ ಪುಟದಲ್ಲಿ ಒಂದು ವಾರ ಅಂಕಿಯೇ ಇಲ್ಲ. ಅಂಚಿನಲ್ಲಿ ಒಂದೇ ಸಾಲು: ಬರೀ ನಡೆದೆವು. ಆ ವಾರದ ಹಣವೂ ಸಂದಿದೆ.

9
ಕೆ. ವಿ. ಅಯ್ಯರ್. ಹುಟ್ಟಿದ್ದು ಕೋಲಾರದ ಕಡೆಯ ದೇವರಾಯಸಮುದ್ರ. ಕನ್ನಡ ಓದುವವರಿಗೆ ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳ ಕರ್ತೃ. ಟಿ. ಪಿ. ಕೈಲಾಸಂ ಅವರ ಗೆಳೆಯ. ಆದರೆ ದಿನದ ಕೆಲಸ ಅದಲ್ಲ. ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ಜಿಮ್ನಾಶಿಯಂ ನಡೆಸುತ್ತಿದ್ದರು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯ ಸಿಕ್ಕಿತು. ಜೆ. ಸಿ. ರಸ್ತೆಯಲ್ಲಿ ವ್ಯಾಯಾಮಶಾಲೆಯ ಕಟ್ಟಡ ಎದ್ದಿತು.

1930ರಲ್ಲಿ ‘ಮಸಲ್ ಕಲ್ಟ್’, 1936ರಲ್ಲಿ ‘ಪರ್ಫೆಕ್ಟ್ ಫಿಸಿಕ್’, 1937ರಲ್ಲಿ ‘ಸೂರ್ಯನಮಸ್ಕಾರ್’. ಮೂರೂ ಇಂಗ್ಲಿಷ್ ಪುಸ್ತಕಗಳು. ಕಬ್ಬಿಣದ ಭಾರವನ್ನೂ ಸೂರ್ಯನಮಸ್ಕಾರವನ್ನೂ ಒಂದೇ ಪಾಠದಲ್ಲಿ ಸೇರಿಸಿದರು. ಪುಸ್ತಕದಲ್ಲಿ ತಮ್ಮ ಚಿತ್ರ, ಶಿಷ್ಯರ ಚಿತ್ರ. ಲಂಗೋಟಿ ಉಟ್ಟ ಮೈ, ಗ್ರೀಕ್ ಶಿಲ್ಪದ ನಿಲುವು.

ಇವೆಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸುವುದು ಇನ್ನೊಂದು. ಅವರು ಅಂಚೆಯಲ್ಲಿ ವ್ಯಾಯಾಮ ಕಲಿಸುತ್ತಿದ್ದರು. ಪಾಠ ಲಕೋಟೆಯಲ್ಲಿ ಬರುತ್ತಿತ್ತು. ಶಿಷ್ಯ ಎಲ್ಲೋ, ಗುರು ಎಲ್ಲೋ. ಹನ್ನೊಂದನೆಯ ಬಸ್ಕಿಗೆ ಕಾಲು ಸೋತರೆ ಹನ್ನೆರಡು ಎನ್ನುವವರು ಯಾರು?

10
ಯೂಜೀನ್ ಸ್ಯಾಂಡೋ 1904–05ರಲ್ಲಿ ಭಾರತಕ್ಕೆ ಬಂದು ಮೈಬಲದ ಪ್ರದರ್ಶನ ಕೊಟ್ಟ. 1911ರಲ್ಲಿ ಐದನೇ ಜಾರ್ಜ್ ದೊರೆಗೆ ಅಂಗಸಾಧನೆಯ ಪ್ರೊಫೆಸರ್ ಎಂಬ ಪದವಿ ಪಡೆದ. ಅವನೂ ಅಂಚೆಯಲ್ಲಿ ಕಲಿಸಿದವನೇ. ದೊರೆಯ ತೋಳಿನ ಅಳತೆಯನ್ನು ಎಲ್ಲೂ ಓದಿಲ್ಲ. ಸ್ಯಾಂಡೋನ ತೋಳಿನ ಅಳತೆ ಅವನ ಕಾಲದ ಪತ್ರಿಕೆಗಳಲ್ಲಿ ಬರುತ್ತಿತ್ತು.

11
ಮೈಸೂರಿನ ಜಗನ್ಮೋಹನ ಅರಮನೆ. 1933ರಿಂದ ಅಲ್ಲಿ ತಿರುಮಲೈ ಕೃಷ್ಣಮಾಚಾರ್ಯರ ಯೋಗಶಾಲೆ. ಖರ್ಚು ಅರಮನೆಯದು. ಅಯ್ಯರ್ ಶಿಷ್ಯ ಅನಂತರಾವ್ ಕೆಲಕಾಲ ಅದೇ ಆವರಣದಲ್ಲಿ ವ್ಯಾಯಾಮ ಕಲಿಸಿದರು. ಒಂದು ಕಡೆ ಉಸಿರಿನ ಲೆಕ್ಕ, ಇನ್ನೊಂದು ಕಡೆ ಬಾರ್‌ಬೆಲ್ಲಿನ ಲೆಕ್ಕ. 1950ರಲ್ಲಿ ಯೋಗಶಾಲೆ ಮುಚ್ಚಿತು. ಕೃಷ್ಣಮಾಚಾರ್ಯರಿಗೆ ಆಗ ಅರವತ್ತು ದಾಟಿತ್ತು. ಪಾರ್ಶ್ವವಾಯು ಬಡಿದಿದ್ದ ವಕೀಲರೊಬ್ಬರಿಗೆ ಕಲಿಸಲು ಮದ್ರಾಸಿಗೆ ಕರೆ ಬಂತು. ಹೋದರು. ಅಲ್ಲೇ ಉಳಿದರು.

12
ಗರಡಿಯಲ್ಲಿ ಶುಲ್ಕದ ಬೋರ್ಡು ಕಂಡಿಲ್ಲ. ಕೆಮ್ಮಣ್ಣಿಗೆ ಎಣ್ಣೆ, ಅರಿಸಿನ, ನಿಂಬೆರಸ ಬೆರೆಸುತ್ತಾರೆ. ಉಸ್ತಾದ್ ಗೋಡೆಗೊರಗಿ ಕೂತಿರುತ್ತಾರೆ. ಹುಡುಗರು ದಂಡ ಹೊಡೆಯುತ್ತಾ ತಾವೇ ಎಣಿಸಿಕೊಳ್ಳುತ್ತಾರೆ. ಉಸ್ತಾದ್ ಎಣಿಸುವುದಿಲ್ಲ. ಎಣಿಕೆ ತಪ್ಪಿದ್ದು ಹೇಗೋ ಅವರಿಗೆ ಗೊತ್ತಾಗುತ್ತದೆ.

13
ಕೃಷ್ಣಮಾಚಾರ್ಯರ ಶಿಷ್ಯ, ಬೆಳ್ಳೂರಿನ ಬಿ. ಕೆ. ಎಸ್. ಅಯ್ಯಂಗಾರ್ 1937ರಲ್ಲಿ ಪುಣೆಗೆ ಹೋದರು. ಹದಿನೆಂಟರ ಹುಡುಗ, ಮರಾಠಿ ಬಾರದು. ಡೆಕ್ಕನ್ ಜಿಮ್‌ಖಾನಾದಲ್ಲಿ ಕೆಲವು ತಿಂಗಳ ಮಟ್ಟಿಗೆ ಯೋಗ ಕಲಿಸುವ ಕೆಲಸ. ತಿಂಗಳುಗಳು ಮುಗಿದವು. ಅವರು ಮರಳಲಿಲ್ಲ. ಎಷ್ಟೋ ವರ್ಷ ಹೊಟ್ಟೆಗೂ ಸರಿಯಾಗಿ ಇರಲಿಲ್ಲ.

1952ರಲ್ಲಿ ಪಿಟೀಲು ವಾದಕ ಯೆಹೂದಿ ಮೆನುಹಿನ್ ಮುಂಬೈಗೆ ಬಂದಾಗ ಅಯ್ಯಂಗಾರರಿಗೆ ಕೊಟ್ಟಿದ್ದು ಐದು ನಿಮಿಷ. ದಣಿದಿದ್ದ ಮೆನುಹಿನ್‌ನನ್ನು ಮಲಗಿಸಿದರು. ಅವನಿಗೆ ನಿದ್ದೆ ಹತ್ತಿತು. ಒಂದು ಗಂಟೆಯ ಮೇಲಾಯಿತು.

ಆಮೇಲೆ ಮೆನುಹಿನ್ ಅವರಿಗೊಂದು ಕೈಗಡಿಯಾರ ಕೊಟ್ಟ. ಅದರ ಹಿಂದೆ ಕೆತ್ತಿಸಿದ್ದ ಮಾತಿನಲ್ಲಿ ಅವರನ್ನು ಯೋಗದ ಗುರು ಎನ್ನಲಿಲ್ಲ. ಪಿಟೀಲಿನ ಗುರು ಎಂದಿದ್ದ.

14
ಬೆಲ್ಜಿಯಂನ ರಾಜಮಾತೆ ಎಲಿಸಬೆತ್ ಅಯ್ಯಂಗಾರರಿಂದ ಶೀರ್ಷಾಸನ ಕಲಿತರು. ವಯಸ್ಸು ಎಂಬತ್ತು ದಾಟಿತ್ತು.

15
ಕೃಷ್ಣಮಾಚಾರ್ಯರ ಇನ್ನೊಬ್ಬ ಶಿಷ್ಯ, ಹಾಸನ ಜಿಲ್ಲೆಯ ಕೌಶಿಕದ ಪಟ್ಟಾಭಿ ಜೋಯಿಸ್. ಮೈಸೂರಿನ ಸಂಸ್ಕೃತ ಪಾಠಶಾಲೆಯಲ್ಲಿ ಯೋಗದ ಮೇಷ್ಟ್ರು. ಲಕ್ಷ್ಮೀಪುರದ ಮನೆಯಲ್ಲೂ ಪಾಠ. 1975ರಲ್ಲಿ ಕ್ಯಾಲಿಫೋರ್ನಿಯಾಕ್ಕೆ ಹೋದರು. ಆಮೇಲೆ ಕ್ಯಾಲಿಫೋರ್ನಿಯಾವೇ ಮೈಸೂರಿನ ಗೋಕುಲಂಗೆ ಬಂತು. ಅವರ ಕ್ರಮದಲ್ಲಿ ಪ್ರತಿ ಉಸಿರಿಗೂ ಒಂದು ಸಂಖ್ಯೆ, ಸಂಸ್ಕೃತದಲ್ಲಿ. ಏಕಂ, ದ್ವೇ, ತ್ರೀಣಿ. ಸಂಸ್ಕೃತದ ಬೇರೆ ಒಂದು ಮಾತೂ ಬಾರದವರು ಹದಿನೇಳು, ಹದಿನೆಂಟರ ತನಕ ತಪ್ಪಿಲ್ಲದೆ ಹೇಳುತ್ತಾರೆ.

16
ಹತ್ತು ಸಲ, ಮೂರು ಸುತ್ತು. ಮೆಟ್ಟೂರಿನಲ್ಲೂ ಹಾಗೇ, ಸೇಲಂನಲ್ಲೂ ಹಾಗೇ, ಹುಡುಗನ ನೋಟ್‌ಬುಕ್ಕಿನಲ್ಲೂ ಹಾಗೇ. ಹತ್ತೇ ಏಕೆ, ಮೂರೇ ಏಕೆ?

ಎರಡನೇ ಮಹಾಯುದ್ಧದ ಕಾಲ. ಅಮೆರಿಕದ ಸೇನಾ ಆಸ್ಪತ್ರೆ. ಗಾಯಾಳು ಸೈನಿಕರು ಮಂಚ ಬಿಟ್ಟೇಳಲು ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಮಂಡಿ ಆಪರೇಷನ್ ಆದವರಿಗೆ ಹಗುರ ವ್ಯಾಯಾಮವೇ ಆಗಬೇಕು ಎಂಬುದು ವಾಡಿಕೆ. ಥಾಮಸ್ ಡಿಲಾರ್ಮ್ ಎಂಬ ವೈದ್ಯ ಭಾರ ಕಟ್ಟಿ ಎತ್ತಿಸಿದ. 1945ರಲ್ಲಿ ಬರೆದ ಲೇಖನದಲ್ಲಿ ಅವನು ಹೇಳಿದ್ದು ಹತ್ತರಂತೆ ಏಳರಿಂದ ಹತ್ತು ಸುತ್ತು. ಮೂರು ವರ್ಷದ ಬಳಿಕ ಅಷ್ಟು ಬೇಡ, ಮೂರು ಸಾಕು ಎಂದ. ಮೂರೂ ಒಂದೇ ಭಾರವಲ್ಲ. ಮೊದಲ ಸುತ್ತಿಗೆ ಅರ್ಧ, ಎರಡನೆಯದಕ್ಕೆ ಮುಕ್ಕಾಲು, ಮೂರನೆಯದಕ್ಕೆ ಪೂರ್ತಿ.

ಮೂರು ಉಳಿಯಿತು. ಅರ್ಧ, ಮುಕ್ಕಾಲು ಬಹಳ ಕಡೆ ಮರೆತುಹೋಗಿದೆ.

17
ಜಿಮ್ ಗೋಡೆಯ ಮೇಲೆ: 220ರಿಂದ ನಿಮ್ಮ ವಯಸ್ಸು ಕಳೆಯಿರಿ. ನಲವತ್ತರವರಿಗೆ 180. ಹೃದಯ ಇದಕ್ಕಿಂತ ವೇಗವಾಗಿ ಬಡಿಯದು ಎಂಬ ಲೆಕ್ಕ. 1971ರ ಲೇಖನವೊಂದರಲ್ಲಿ ಫಾಕ್ಸ್ ಮತ್ತು ಸಂಗಡಿಗರು ಅದುವರೆಗಿನ ಅಂಕಿಗಳ ನಡುವೆ ಕಣ್ಣಂದಾಜಿನಲ್ಲಿ ಎಳೆದ ಗೆರೆ. ಅದಕ್ಕೆಂದೇ ಮಾಡಿದ ಅಧ್ಯಯನ ಇಲ್ಲ. ನಿಜವಾದ ಬಡಿತ ಹತ್ತು ಹನ್ನೆರಡು ಆಚೀಚೆ ಇರುವುದು ಸಾಮಾನ್ಯ.

18
ದಿನಕ್ಕೆ 10,000 ಹೆಜ್ಜೆ. 1965ರಲ್ಲಿ ಜಪಾನಿನ ಕಂಪನಿಯೊಂದು ಮಾರಿದ ಹೆಜ್ಜೆ ಎಣಿಸುವ ಯಂತ್ರದ ಹೆಸರಿನಲ್ಲೇ ಆ ಸಂಖ್ಯೆ ಇತ್ತು. ಹಿಂದಿನ ವರ್ಷ ಟೋಕಿಯೋದಲ್ಲಿ ಒಲಿಂಪಿಕ್ಸ್ ನಡೆದಿತ್ತು.

19
ಇಲ್ಲಿನ ಟೀ ಅಂಗಡಿಯಲ್ಲಿ ಬೆಳಗ್ಗೆ ಕೇಳುವ ಸಂಖ್ಯೆ ಬೇರೆ. ಡ್ಯಾಂ ಎಷ್ಟಿದೆ? ತುಂಬಿದರೆ 120 ಅಡಿ. 1934ರಿಂದ ಆ 120 ಬದಲಾಗಿಲ್ಲ. ನೀರು ಇಳಿದಾಗ ಒಳಗೆ ಮುಳುಗಿದ್ದ ಪಣ್ಣವಾಡಿಯ ನಂದಿಯೂ ಚರ್ಚಿನ ಗೋಪುರವೂ ಹೊರಗೆ ಬರುತ್ತವೆ.

20
ಹುಡುಗನ ದಿನ. ನಾಲ್ಕೂವರೆಗೆ ಏಳುವುದು. ಐದೂವರೆಯಿಂದ ಹತ್ತರವರೆಗೆ ಕೆಲಸ. ಹತ್ತರಿಂದ ನಾಲ್ಕರವರೆಗೆ ಯಾರಿಗೂ ಬೇಡ. ಐದರಿಂದ ಒಂಬತ್ತೂವರೆ ಮತ್ತೆ ಕೆಲಸ. ಬೇರೆಯವರು ದುಡಿಯಲು ಹೋಗುವ ಮುಂಚೆಯೂ ಬಂದ ಮೇಲೂ ಇವನ ದುಡಿಮೆ. ಎಷ್ಟೇ ಓಡಾಡಿದರೂ ದಿನಕ್ಕೆ ಏಳೆಂಟು ಗಂಟೆಗಿಂತ ಮಾರಲು ಗಂಟೆ ಇಲ್ಲ. ಹೆಚ್ಚು ಬೇಕೆಂದರೆ ಒಂದು ಗಂಟೆಯ ಬೆಲೆ ಏರಬೇಕು, ಇಲ್ಲವೇ ಒಂದು ಗಂಟೆಯಲ್ಲಿ ನಾಲ್ವರು ಇರಬೇಕು.

ಅವನು ಎರಡನ್ನೂ ಮಾಡಿದ್ದಾನೆ. ನಾಲ್ವರಿದ್ದಾಗ ಅಂಚಿನಲ್ಲಿ ಬರೆಯಲು ಆಗುವುದಿಲ್ಲ ಎಂದ.

21
ಮದುವೆಗೆ ಮುಂಚೆ ಸೇರುವವರು ಮದುವೆಯಾದ ಮೇಲೆ ಇರುವುದಿಲ್ಲ. ಜನವರಿಯಲ್ಲಿ ಸೇರುವವರು ಶಿವರಾತ್ರಿಯ ಹೊತ್ತಿಗೆ ಕಮ್ಮಿ. ಹೊಟ್ಟೆ ಕರಗಿಸಲು ಬಂದವರು ಹೊಟ್ಟೆ ಕರಗಿದರೂ ಹೋಗುತ್ತಾರೆ, ಕರಗದಿದ್ದರೂ ಹೋಗುತ್ತಾರೆ.

ವರ್ಷಗಟ್ಟಲೆ ಇರುವವರು ಅರವತ್ತು ದಾಟಿದವರು. ಅವರಿಗೆ ಬೇಕಾದದ್ದು ಸಣ್ಣ ಸಂಗತಿಗಳು. ಕೈಯೂರದೆ ಕುರ್ಚಿಯಿಂದ ಏಳುವುದು. ಮೊಮ್ಮಗನನ್ನು ಎತ್ತುವುದು. ನೆಲದ ಮೇಲೆ ಕೂತು ಪೂಜೆ ಮುಗಿಸಿ ಯಾರನ್ನೂ ಕರೆಯದೆ ಏಳುವುದು.

22
ಇದಕ್ಕೂ ಒಂದು ಲೆಕ್ಕ ಉಂಟು. ಕೈ ಎದೆಗೆ ಕಟ್ಟಿ ಕುರ್ಚಿಯಿಂದ ಎದ್ದು ಕೂರಬೇಕು, ಮೂವತ್ತು ಸೆಕೆಂಡು. ಎಷ್ಟು ಸಲ ಎಂದು ಬರೆದಿಡುತ್ತಾರೆ. ಏಳೂವರೆ ಸಾರ್ ಪುಟದಲ್ಲಿ ಮೊದಲ ದಿನ 6. ಕೊನೆಯ ಸಾಲಿನಲ್ಲಿ 13. ಎದುರಿಗೆ ಅಂಚಿನಲ್ಲಿ: ತಿರುಪತಿ ನಡೆದು ಹತ್ತಿದರು.

23
ಸೇಲಂನ ದೇವಾಂಗರ ಎಷ್ಟೋ ಮನೆಗಳಲ್ಲೂ ಕನ್ನಡ. ನೇಯ್ಗೆ ಕುಲಕಸುಬು. ನೆಲದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ನೇಯುವ ಮಗ್ಗ. ಎಡಗಾಲು, ಬಲಗಾಲು, ಎಡಗಾಲು. ಮಗ್ಗ ಬಿಟ್ಟ ಹಿರಿಯರೊಬ್ಬರು ಮಂಡಿ ನೋವಿಗೆಂದು ಆಸ್ಪತ್ರೆಗೆ ಹೋದರು. ಮಂಚದ ಅಂಚಿನಲ್ಲಿ ಕೂತು ಪಾದ ಒತ್ತುವ ಅಭ್ಯಾಸ ಹೇಳಿಕೊಟ್ಟರು. ಎಡಕ್ಕೆ ಹತ್ತು, ಬಲಕ್ಕೆ ಹತ್ತು. ಹಿರಿಯರು ಎಡ ಬಲ ಎಡ ಬಲ ಎಂದು ಒಂದೊಂದೇ ಒತ್ತಿದರು. ಹೇಳಿಕೊಟ್ಟವರು ಹಾಗಲ್ಲ ಎಂದು ಎರಡು ಸಲ ತಿದ್ದಿದರು. ಆಮೇಲೆ ಬಿಟ್ಟರು.

24
2021ರ ಅಕ್ಟೋಬರ್ 29. ನಟ ಪುನೀತ್ ರಾಜ್‌ಕುಮಾರ್ ತೀರಿಕೊಂಡರು. ವಯಸ್ಸು 46. ಅಂದು ಬೆಳಗ್ಗೆ ವ್ಯಾಯಾಮ ಮಾಡಿದ್ದರು ಎಂಬ ಸುದ್ದಿ ಎಲ್ಲರ ಬಾಯಲ್ಲಿ. ಮುಂದಿನ ವಾರಗಳಲ್ಲಿ ಬೆಂಗಳೂರಿನ ಹೃದ್ರೋಗ ಆಸ್ಪತ್ರೆಗಳ ಮುಂದೆ ತಪಾಸಣೆಗೆ ಸಾಲು. ಕೆಲವರು ಜಿಮ್ ಬಿಟ್ಟರು. ಕೆಲವರು ಮೊದಲ ಬಾರಿಗೆ ಇಸಿಜಿ ಮಾಡಿಸಿಕೊಂಡರು.

ಹುಡುಗನ ಬಳಿ ಏಳು ಪ್ರಶ್ನೆಗಳ ಹಾಳೆ ಇದೆ. ಹೊಸಬರು ಬಂದರೆ ಮೊದಲು ಅದು. ಎದೆ ನೋವು ಬಂದದ್ದುಂಟೇ, ತಲೆ ಸುತ್ತಿ ಬಿದ್ದದ್ದುಂಟೇ, ವೈದ್ಯರು ಹೃದಯದ ವಿಷಯ ಏನಾದರೂ ಹೇಳಿದ್ದುಂಟೇ. ಒಂದಕ್ಕೆ ಹೌದು ಎಂದರೂ ಮೊದಲು ಡಾಕ್ಟರ ಹತ್ತಿರ, ಆಮೇಲೆ ಇಲ್ಲಿ. ಈ ಬಗೆಯ ಹಾಳೆ 1970ರ ದಶಕದಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ತಯಾರಾದದ್ದು. ಇವನು ಪ್ರಶ್ನೆಗಳನ್ನು ಕನ್ನಡದಲ್ಲೂ ತಮಿಳಿನಲ್ಲೂ ಕೇಳುತ್ತಾನೆ. ಇಂಗ್ಲಿಷಿನಲ್ಲಿ ಕೇಳಿದರೆ ಎಲ್ಲರೂ ಇಲ್ಲ, ಇಲ್ಲ ಎಂದುಬಿಡುತ್ತಾರಂತೆ.

25
ಸರ್ಟಿಫಿಕೇಟು. ಈ ಕೆಲಸಕ್ಕೆ ಅದಿಲ್ಲದೆಯೂ ಇಳಿದವರು ಬಹಳ. ಇವನು ಅಮೆರಿಕದ ಎಸಿಇ ಸಂಸ್ಥೆಯ ಪರೀಕ್ಷೆ ಬರೆದಿದ್ದಾನೆ. ಎದೆಬಡಿತ ನಿಂತವರ ಎದೆ ಒತ್ತಿ ಒತ್ತಿ ರಕ್ತ ಹರಿಯುವಂತೆ ನೋಡಿಕೊಳ್ಳುವ ಸಿಪಿಆರ್ ಕಲಿತಿರಬೇಕಿತ್ತು, ಇಲ್ಲದಿದ್ದರೆ ಪರೀಕ್ಷೆಗೆ ಪ್ರವೇಶವಿರಲಿಲ್ಲ. ಎರಡು ವರ್ಷಕ್ಕೊಮ್ಮೆ ನವೀಕರಣ, ಅದಕ್ಕೆ ಇಪ್ಪತ್ತು ಗಂಟೆಯ ಹೊಸ ಕಲಿಕೆ.

ಒತ್ತುವುದಕ್ಕೂ ಎಣಿಕೆ. ಮೂವತ್ತು ಸಲ ಎದೆ ಒತ್ತು, ಎರಡು ಸಲ ಉಸಿರು ಊದು. ಇದನ್ನು ಅವನು ಊರಿನ ಹುಡುಗರಿಗೂ ದಿಂಬಿನ ಮೇಲೆ ಕಲಿಸಿದ್ದಾನೆ. ಬೆಟ್ಟದಿಂದ ಆಸ್ಪತ್ರೆ ದೂರ.

26
ಮದ್ರಾಸಿನ ವೈಎಂಸಿಎ ದೈಹಿಕ ಶಿಕ್ಷಣ ಕಾಲೇಜು ಶುರುವಾದದ್ದು 1920ರಲ್ಲಿ. ನಮ್ಮ ಕಡೆಯ ಶಾಲೆಗಳ ಡ್ರಿಲ್ ಮೇಷ್ಟ್ರುಗಳ ಹಿಂದೆ ಹೋದರೆ ಎಲ್ಲೋ ಒಂದು ಕಡೆ ಈ ಕಾಲೇಜು ಸಿಗುತ್ತದೆ. ಡ್ರಿಲ್ ಮೇಷ್ಟ್ರು ಎಣಿಸುತ್ತಿದ್ದದ್ದು ನಾಲ್ಕರವರೆಗೆ. ಮತ್ತೆ ಒಂದರಿಂದ.

27
ಮಾರಿಯಪ್ಪನ್ ತಂಗವೇಲು. ಸೇಲಂ ಜಿಲ್ಲೆಯ ಪೆರಿಯವಡಗಂಪಟ್ಟಿ. ಐದು ವರ್ಷದ ಮಗುವಾಗಿದ್ದಾಗ ಬಸ್ಸು ಬಲಗಾಲಿನ ಮೇಲೆ ಹರಿಯಿತು. 2016ರಲ್ಲಿ ರಿಯೋ ಪ್ಯಾರಾಲಿಂಪಿಕ್ಸ್‌ನಲ್ಲಿ 1.89 ಮೀಟರ್ ಎತ್ತರ ಹಾರಿ ಚಿನ್ನ ಗೆದ್ದ. ಅವನ ಕೋಚ್ ಸತ್ಯನಾರಾಯಣ, ತರಬೇತಿ ನಡೆದದ್ದು ಬೆಂಗಳೂರಿನಲ್ಲಿ. ತಮಿಳುನಾಡು ಸರ್ಕಾರ 2 ಕೋಟಿ ರೂಪಾಯಿ ಘೋಷಿಸಿತು. ಟೋಕಿಯೋದಲ್ಲಿ ಬೆಳ್ಳಿ, ಪ್ಯಾರಿಸ್‌ನಲ್ಲಿ ಕಂಚು.

28
ಟಿ. ನಟರಾಜನ್. ಅದೇ ಜಿಲ್ಲೆಯ ಚಿನ್ನಪ್ಪಂಪಟ್ಟಿ. 2017ರ ಐಪಿಎಲ್ ಹರಾಜಿನಲ್ಲಿ 3 ಕೋಟಿ. ಅಂಗಿಯ ಬೆನ್ನಿನ ಮೇಲೆ ‘ಜೆಪಿ ನಟ್ಟು’ ಎಂದು ಬರೆಸಿಕೊಂಡಿದ್ದ. ಜೆಪಿ ಎಂದರೆ ಊರಿನಲ್ಲಿ ಅವನನ್ನು ಬೆಳೆಸಿದ ಜಯಪ್ರಕಾಶ್.

29
2020ರಲ್ಲಿ ಕೇಂದ್ರ ಸರ್ಕಾರ ಕ್ರೀಡಾ ಪ್ರಶಸ್ತಿಗಳ ಮೊತ್ತ ಏರಿಸಿತು. ಅದಕ್ಕೆ ಮುಂಚೆ ಆಟಗಾರರ ಅರ್ಜುನ ಪ್ರಶಸ್ತಿಗೂ 5 ಲಕ್ಷ, ಕೋಚ್‌ಗಳ ದ್ರೋಣಾಚಾರ್ಯ ಪ್ರಶಸ್ತಿಗೂ 5 ಲಕ್ಷ. ಏರಿದ ಮೇಲೆ ಅರ್ಜುನನಿಗೆ 15 ಲಕ್ಷ. ದ್ರೋಣನಿಗೆ 10. ಜೀವಮಾನವಿಡೀ ಕಲಿಸಿದ ದ್ರೋಣನಿಗೆ 15.

30
ಹಬ್ಬದ ರಜೆಯಲ್ಲೂ ಅವನಿಗೆ ಕೆಲಸ ಇತ್ತು. ಜಲಾಶಯದ ಕಡೆಯ ದಿಣ್ಣೆಯ ಮೇಲೆ ಸಿಗ್ನಲ್ ಸಿಗುತ್ತದೆ. ಫೋನನ್ನು ಬೇಲಿಯ ಕಲ್ಲಿಗೆ ಒರಗಿಸಿ ನಿಂತ. ಆ ಬದಿಯಲ್ಲಿ ಒಬ್ಬ ಹೆಂಗಸು, ಬೆಂಗಳೂರಿನ ತಾರಸಿ, ಹಿಂದೆ ನೀರಿನ ಟ್ಯಾಂಕು. ಇವನು ಎಣಿಸುತ್ತಾನೆ, ಅವರು ಕೂತು ಏಳುತ್ತಾರೆ. ದನಿ ತಡವಾಗಿ ತಲುಪುತ್ತದೆ. ಇಲ್ಲಿ ಎಂಟು ಎಂದಾಗ ಅವರದು ಆರು. ಹತ್ತು ಎಂದು ಇವನು ನಿಲ್ಲಿಸಿದ ಮೇಲೂ ಅವರು ಇನ್ನೆರಡು ಸಲ ಎದ್ದರು. ಇವನು ಬಾಯಿ ಮುಚ್ಚಿ ಬೆರಳು ಮಡಿಸಿ ನೋಡುತ್ತಿದ್ದ.

“ಭಾರ ಮುಂದಕ್ಕೆ ಹೋಗ್ತಿದೆ ಮೇಡಂ, ಹಿಮ್ಮಡಿ ಊರಿ” ಎಂದ. ಫೋನಿನಲ್ಲಿ ನನಗೆ ಹಿಮ್ಮಡಿಯೇ ಕಾಣುತ್ತಿರಲಿಲ್ಲ. ಮೊಣಕಾಲು ನಡುಗುವ ರೀತಿಯಲ್ಲಿ ತಿಳಿಯುತ್ತದಂತೆ.

31
ತಾಯಿ ಪಕ್ಕದಲ್ಲಿ ಹುಣಸೆಹಣ್ಣಿನ ನಾರು ಬಿಡಿಸುತ್ತಾ ಕೂತಿದ್ದರು. ಮಗನ ಕೆಲಸದ ಬಗ್ಗೆ ಅವರು ಕೇಳಿದ್ದು ಒಂದೇ.

“ಎಣ್ಸಾಕೆ ಅವ್ರಿಗೆ ಬರಾಕಿಲ್ವಾ?”

“ಬರುತ್ತವ್ವಾ. ಏಳಕ್ಕೇ ಹತ್ತು ಅಂದ್ಬುಡ್ತಾರೆ.”

ತಾಯಿ ತಲೆಯಾಡಿಸಿದರು. ಒಪ್ಪಿದರೋ ಇಲ್ಲವೋ ಗೊತ್ತಿಲ್ಲ.

32
ಹೆಂಗಸರು ಹೆಂಗಸು ಟ್ರೈನರ್ ಬೇಕು ಎನ್ನುತ್ತಾರೆ. ಹೆರಿಗೆಯಾದವರು ಹೆಚ್ಚು. ಹೆಂಗಸು ಟ್ರೈನರ್ ಸಿಗುವುದು ಕಮ್ಮಿ, ಹಾಗಾಗಿ ಸಿಕ್ಕವರಿಗೆ ಬೇಡಿಕೆ ಹೆಚ್ಚು. ಹುಡುಗ ತನ್ನ ತಂಗಿಗೆ ಹೇಳಿದ್ದಾನೆ. ತಂಗಿ ಸೇಲಂನಲ್ಲಿ ನರ್ಸಿಂಗ್ ಓದುತ್ತಿದ್ದಾಳೆ. ಮುಗಿಸಿ ನೋಡೋಣ ಎಂದಿದ್ದಾಳೆ.

33
ಅವನನ್ನು ಕೇಳಿದ ಕೊನೆಯ ಪ್ರಶ್ನೆ ಬೆಲೆಯದು. ಎಷ್ಟು ಕೇಳಬೇಕೆಂದು ಹೇಗೆ ಗೊತ್ತಾಗುತ್ತದೆ?

ಎಲ್ಲರೂ ಸರಿ ಎಂದರೆ ಕಮ್ಮಿ ಕೇಳಿದ್ದೇನೆ ಎಂದು ಅರ್ಥ, ಎಂದ. ಏಪ್ರಿಲ್‌ನಲ್ಲಿ ಏರಿಸಿದ. ಇಬ್ಬರು ಬಿಟ್ಟರು. ಜೂನ್‌ನಲ್ಲಿ ಅವರಲ್ಲೊಬ್ಬರು ಅಕ್ಕನನ್ನೂ ಕರೆದುಕೊಂಡು ಬಂದರು. ಅಕ್ಕನಿಗೆ ಸಕ್ಕರೆ ಕಾಯಿಲೆ, ಬಲ ಭುಜ ಮೇಲಕ್ಕೆ ಏಳುವುದಿಲ್ಲ. ನೋಟ್‌ಬುಕ್ಕಿನಲ್ಲಿ ಹೊಸ ಪುಟ: ಐದೂವರೆ ಮೇಡಂ.